ಚಿತ್ರ ಗೂಢಲಿಪೀಕರಣ: ಪರೀಕ್ಷೆಯ ಅಂಕಗಳು ಮತ್ತು ನಿಜವಾದ ಭದ್ರತೆ

1998ರಲ್ಲಿ ಜೆಸ್ಸಿಕಾ ಫ್ರಿಡ್ರಿಕ್ ಎರಡು ಆಯಾಮಗಳ ಕೇಯಾಸ್ ಮ್ಯಾಪ್‌ಗಳನ್ನು ಬಳಸಿ ಚಿತ್ರಗಳನ್ನು ಗೂಢಲಿಪಿಗೆ ಇಳಿಸುವ ಕ್ರಮವೊಂದನ್ನು ಪ್ರಕಟಿಸಿದರು. ಮೊದಲು ಪಿಕ್ಸೆಲ್‌ಗಳ ಜಾಗ ಕದಲಿಸುವುದು, ಆಮೇಲೆ ಅವುಗಳ ಬೆಲೆ ಬದಲಿಸುವುದು ಅದರ ತಿರುಳು. ಅಂದಿನಿಂದ ಇದೇ ಮಾದರಿಯ ವಿಧಾನಗಳು ಲೆಕ್ಕವಿಲ್ಲದಷ್ಟು ಬಂದಿವೆ. ಅವುಗಳಲ್ಲಿ ಬಹುಪಾಲು ತಮ್ಮ ಭದ್ರತೆಗೆ ಆಧಾರವಾಗಿ ತೋರಿಸುವ ಅಂಕಿಅಂಶಗಳು ಭದ್ರತೆಯನ್ನು ಅಳೆಯುವುದೇ ಇಲ್ಲ ಎಂಬುದು ಈ ಲೇಖನದ ವಾದ.

ಸರಳವಾದ ಒಂದು ವಿಧಾನವನ್ನೇ ಪರಿಶೀಲಿಸೋಣ. 256×256 ಅಳತೆಯ, 8 ಬಿಟ್‌ನ ಕಪ್ಪು-ಬಿಳುಪು ಚಿತ್ರದ ಪಿಕ್ಸೆಲ್‌ಗಳನ್ನು ಗುಪ್ತ ಕ್ರಮದಲ್ಲಿ ಕಲಸಿ, ಬಂದದ್ದನ್ನು ಕೀಲಿಯಿಂದ ಹುಟ್ಟಿದ ಸಂಖ್ಯಾಸರಣಿಯೊಡನೆ ಎಕ್ಸ್‌ಆರ್ ಮಾಡುತ್ತೇವೆ. ಕೀಲಿ ಬದಲಾಗುವುದಿಲ್ಲ. ತಾನು ಆರಿಸಿದ ಚಿತ್ರಗಳ ಗೂಢರೂಪ ದಾಳಿಕಾರನಿಗೆ ಸಿಗುವಂತಿದ್ದರೆ ಅವನಿಗೆ ಮೂರೇ ಚಿತ್ರ ಸಾಕು. ಮೊದಲನೆಯದು ಪೂರ್ತಿ ಕಪ್ಪು. ಸೊನ್ನೆಗಳನ್ನು ಎಷ್ಟು ಕಲಸಿದರೂ ಸೊನ್ನೆಗಳೇ. ಆದ್ದರಿಂದ ಹೊರಬರುವುದು ಸಂಖ್ಯಾಸರಣಿಯೇ. ಎರಡನೆಯದರಲ್ಲಿ ಪ್ರತಿ ಪಿಕ್ಸೆಲ್‌ನ ಬೆಲೆ ಅದರ ಅಡ್ಡಸಾಲಿನ ಸಂಖ್ಯೆ, ಮೂರನೆಯದರಲ್ಲಿ ಕಂಬಸಾಲಿನ ಸಂಖ್ಯೆ. ಸರಣಿಯನ್ನು ಕಳಚಿದರೆ ಯಾವ ಪಿಕ್ಸೆಲ್ ಎಲ್ಲಿಂದ ಬಂತೆಂಬುದು ಪೂರ್ತಿ ಗೊತ್ತಾಗುತ್ತದೆ. ಇಲ್ಲಿ ಕೀಲಿಯನ್ನು ಊಹಿಸುವ ಪ್ರಶ್ನೆಯೇ ಬರಲಿಲ್ಲ. ಕೀಲಿ ಎಷ್ಟು ಉದ್ದವಿದ್ದರೂ ಫಲಿತಾಂಶ ಇದೇ.

ಕೇಯಾಸ್ ಮ್ಯಾಪ್‌ಗಳಿಗೆ ಅವುಗಳದೇ ದೌರ್ಬಲ್ಯಗಳಿವೆ. ಅರ್ನಾಲ್ಡ್‌ನ ಕ್ಯಾಟ್ ಮ್ಯಾಪ್‌ ಅನ್ನು ಇದೇ ಅಳತೆಯ ಚಿತ್ರದ ಮೇಲೆ 192 ಸಲ ನಡೆಸಿದರೆ ಮೂಲ ಚಿತ್ರ ಮರಳಿ ಬರುತ್ತದೆ. ಮೂಲೆಯ ಒಂದು ಪಿಕ್ಸೆಲ್ ಎಂದೂ ಕದಲುವುದಿಲ್ಲ. ಲಾಜಿಸ್ಟಿಕ್ ಮ್ಯಾಪ್‌ನ ನಿಯತಾಂಕ 3.57 ದಾಟಿದರೆ ಸಾಕು ಎಂದು ನಂಬಿ ಕೀಲಿ ಆರಿಸುವುದುಂಟು. ಆದರೆ 3.83ರಲ್ಲಿ ಅದು ಮೂರೇ ಸಂಖ್ಯೆಗಳ ನಡುವೆ ಸುತ್ತತೊಡಗುತ್ತದೆ. ಅಂಥ ಕೀಲಿಗಳನ್ನು ಹೊರಗಿಡದ ಕೀಲಿ-ಗಾತ್ರದ ಲೆಕ್ಕ ಉತ್ಪ್ರೇಕ್ಷೆ.

ಈ ದೋಷಗಳು ಪರೀಕ್ಷೆಗಳಲ್ಲಿ ಏಕೆ ಸಿಕ್ಕಿಬೀಳುವುದಿಲ್ಲ? ಗೂಢಚಿತ್ರದ ಎಂಟ್ರೊಪಿ 8ಕ್ಕೆ ಹತ್ತಿರವಿರಬೇಕು ಎನ್ನುತ್ತಾರೆ. ಮೇಲೆ ಹೇಳಿದ ಅಡ್ಡಸಾಲು-ಸಂಖ್ಯೆಗಳ ಚಿತ್ರದಲ್ಲಿ ಪ್ರತಿ ಬೆಲೆಯೂ 256 ಸಲ ಬರುತ್ತದೆ, ಹಾಗಾಗಿ ಅದರ ಎಂಟ್ರೊಪಿ ಕರಾರುವಾಕ್ಕಾಗಿ 8. ಅದರಲ್ಲಿ ಗುಟ್ಟೇನೂ ಇಲ್ಲ! ಮೂಲದ ಒಂದು ಪಿಕ್ಸೆಲ್ ಬದಲಿಸಿದರೆ ಗೂಢಚಿತ್ರದ ಎಷ್ಟು ಪಾಲು ಬದಲಾಗುತ್ತದೆಂದು ನೋಡುವ ಎನ್‌ಪಿಸಿಆರ್ ಅಳತೆಯ ಆದರ್ಶ ಸುಮಾರು 99.61%. ಕೌಂಟರ್ ವಿಧಾನದ ಎಇಎಸ್‌ ಅನ್ನು ಒಂದೇ ಕೀಲಿ, ಒಂದೇ ನಾನ್ಸ್ ಇಟ್ಟು ಹೀಗೆ ಪರೀಕ್ಷಿಸಿದರೆ ಬದಲಾಗುವುದು ಒಂದೇ ಪಿಕ್ಸೆಲ್. ಅಂಕ ಸೊನ್ನೆಯ ಸಮೀಪ. ಪ್ರತಿ ಚಿತ್ರಕ್ಕೂ ಹೊಸ ನಾನ್ಸ್ ಬಳಸಿದರೆ ಅದೇ ವಿಧಾನ ಭದ್ರ. ದುರ್ಬಲ ವಿಧಾನಗಳೂ ಇಂಥ ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತವೆ ಎಂದು 2018ರಲ್ಲಿ ಪ್ರೈಶೂಬರ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ.

ಸುಧಾರಣೆಯ ಹೆಸರಿನಲ್ಲಿ ಚಿತ್ರದ ಹ್ಯಾಶ್‌ನಿಂದಲೇ ಕೀಲಿ ಪಡೆಯುವುದು ಈಗ ಸಾಮಾನ್ಯ. ಇದು ಮೇಲಿನ ದಾಳಿಯನ್ನು ತಡೆಯುವುದು ನಿಜ. ಆದರೆ ಪ್ರತಿ ಚಿತ್ರಕ್ಕೂ ಹೊಸ ಕೀಲಿಯನ್ನು ಗುಟ್ಟಾಗಿ ತಲುಪಿಸುವ ಹೊರೆ ಬೀಳುತ್ತದೆ. ಅದಕ್ಕೊಂದು ಭದ್ರ ದಾರಿ ಮೊದಲೇ ಇರಬೇಕು. ನನ್ನ ದೃಷ್ಟಿಯಲ್ಲಿ ಮೇಲಾದ ದಾರಿ ಹಳೆಯದೇ: ಚಿತ್ರವನ್ನು ಮೊದಲು ಸಂಕುಚಿಸಿ, ಎಇಎಸ್-ಜಿಸಿಎಂನಂಥ ದೃಢೀಕರಣವುಳ್ಳ ವಿಧಾನಕ್ಕೆ ಒಪ್ಪಿಸುವುದು, ನಾನ್ಸ್ ಮರುಬಳಕೆಯಾಗದಂತೆ ನೋಡಿಕೊಳ್ಳುವುದು. ಆಗ ಎಕ್ಸ್‌ರೇ ಚಿತ್ರವನ್ನು ನಡುದಾರಿಯಲ್ಲಿ ಯಾರಾದರೂ ತಿದ್ದಿದರೆ ಅದೂ ಪತ್ತೆಯಾಗುತ್ತದೆ. ಎಇಎಸ್ ಎಂಬ ಹೆಸರೊಂದೇ ಸಾಲದು. ಇಸಿಬಿ ವಿಧಾನದಲ್ಲಿ ಒಂದೇ ತೆರನಾದ 16 ಬೈಟ್‌ಗಳ ತುಂಡುಗಳು ಒಂದೇ ತೆರನಾಗಿ ಮಾರ್ಪಟ್ಟು, ಸಂಕುಚಿಸದ ಚಿತ್ರದ ಆಕಾರ ಹಾಗೆಯೇ ಕಾಣುತ್ತದೆ.

ಕಡತದ ಸ್ವರೂಪ ಕೆಡದಂತೆ ಚಿತ್ರದ ಒಂದು ಭಾಗವನ್ನಷ್ಟೇ ಮರೆಮಾಡಬೇಕಾದ ಸಂದರ್ಭಗಳಿಗೆ ವಿಶೇಷ ವಿಧಾನಗಳು ಬೇಕು, ಅಲ್ಲಿ ಸಂಶೋಧನೆಗೆ ಅವಕಾಶವಿದೆ. ಅಂಥ ಲೇಖನಗಳನ್ನು ಪರಿಶೀಲಿಸುವವರು ಎಂಟ್ರೊಪಿಯ ಕೋಷ್ಟಕ ನೋಡುವ ಮೊದಲು, ಆಯ್ದ ಚಿತ್ರಗಳ ದಾಳಿಯನ್ನು ಲೇಖಕರು ತಾವೇ ನಡೆಸಿ ನೋಡಿದ್ದಾರೆಯೇ ಎಂದು ಕೇಳಬೇಕು.