ಎದೆ ಜೇಬಿನ ಫೋನು, ಎದೆಯೊಳಗಿನ ಪೇಸ್‌ಮೇಕರ್

ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಡಾಕ್ಟರು ಒಂದು ಮಾತು ಹೇಳುತ್ತಾರೆ: ಅಂಗಿಯ ಎದೆ ಜೇಬಿನಲ್ಲಿ ಫೋನ್ ಇಡಬೇಡಿ. ಈ ಮಾತಿಗೊಂದು ಇತಿಹಾಸವಿದೆ.

1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಅರ್ನೆ ಲಾರ್ಸನ್ ಎಂಬುವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಬೇರೆ ಬೇರೆ ಪೇಸ್‌ಮೇಕರ್ ಹಾಕಿಸಿಕೊಳ್ಳುತ್ತ ಅವರು 2001ರವರೆಗೆ ಬದುಕಿದರು.

ಆಗಿನ ಪೇಸ್‌ಮೇಕರ್ ಗಡಿಯಾರದ ಹಾಗೆ ಒಂದೇ ಸಮನೆ ಮಿಡಿಯುತ್ತಿತ್ತು. 1960ರ ದಶಕದಲ್ಲಿ ಹೃದಯದ ವಿದ್ಯುತ್ ಸಂಕೇತವನ್ನು ಆಲಿಸಿ, ಬೇಕಾದಾಗ ಮಾತ್ರ ಮಿಡಿಯುವಂಥದ್ದು ಬಂತು. ಕಿವಿ ಬಂದ ಮೇಲೆ ತಪ್ಪು ಕೇಳಿಸಿಕೊಳ್ಳುವ ಅಪಾಯವೂ ಬಂತು. ಹೊರಗಿನ ತರಂಗವನ್ನೇ ಹೃದಯಬಡಿತ ಎಂದುಕೊಂಡರೆ ಅದು ಸುಮ್ಮನಾಗಿಬಿಡುತ್ತದೆ. ಲೋಹದ ಕವಚ, ಫಿಲ್ಟರುಗಳು ಬಂದು ಈ ಅಪಾಯ ಬಹಳ ಕಡಿಮೆಯಾಯಿತು.

ಆಮೇಲೆ ಅಯಸ್ಕಾಂತದ ಸರದಿ. ಐಫೋನ್ 12 ಅನ್ನು ಎದೆಯ ಹತ್ತಿರ ತಂದಾಗ, ಒಳಗಿದ್ದ ಹೃದಯದ ಶಾಕ್ ಸಾಧನ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿದ್ದನ್ನು 2021ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಫೋನ್ ದೂರ ಸರಿಸಿದರೆ ಅದು ಮತ್ತೆ ಕೆಲಸ ಶುರುಮಾಡುತ್ತದೆ.

ಹಾಗಾಗಿ ಫೋನ್ ಬಿಡಬೇಕಿಲ್ಲ. ಕನಿಷ್ಠ 15 ಸೆಂ.ಮೀ. ಅಂತರ ಬೇಕು, ಒಂದು ಗೇಣು ಬಿಟ್ಟರೆ ಧಾರಾಳವಾಯಿತು. ಪೇಸ್‌ಮೇಕರ್ ಎಡಕ್ಕಿದ್ದರೆ ಬಲಗಿವಿಯಲ್ಲಿ ಮಾತಾಡಿ. ಮಲಗುವಾಗ ಫೋನನ್ನು ಎದೆಯ ಮೇಲೆ ಇಟ್ಟುಕೊಳ್ಳಬೇಡಿ. ಮನೆಯ ಹಿರಿಯರಿಗೂ ಇಷ್ಟು ಹೇಳಿ.