ಹಳೆಯ ಕಂಪ್ಯೂಟರಿನ ಮನೆ ಸರ್ವರ್

ಮೂಲೆ ಸೇರಿದ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಮನೆಮಂದಿಯ ಕಡತ, ಫೋಟೊ, ಹಾಡುಗಳನ್ನು ಒಂದೆಡೆಯಿಂದ ಒದಗಿಸುವ ವ್ಯವಸ್ಥೆ. ವಿಂಡೋಸ್ ಯಂತ್ರಗಳೊಡನೆ ಕಡತ ಹಂಚಿಕೊಳ್ಳಲು ಉಚಿತ ತಂತ್ರಾಂಶ ಸಾಂಬಾ ಸಾಕು. ಒಮ್ಮೆ ಹೊಂದಿಸಿದ ಮೇಲೆ ಮಾನಿಟರ್, ಕೀಬೋರ್ಡ್ ಬೇಕಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಇಂಥ ಹಳೆಯ ಯಂತ್ರಗಳಿಗೆ ಬರವಿಲ್ಲ: ಕಂಪ್ಯೂಟರ್ ಕಂಪನಿಗಳಾದ ಕಾಂಪ್ಯಾಕ್ 1982ರಲ್ಲಿ ಹ್ಯೂಸ್ಟನ್‌ನಲ್ಲಿ, ಡೆಲ್ 1984ರಲ್ಲಿ ಆಸ್ಟಿನ್‌ನಲ್ಲಿ ಹುಟ್ಟಿದವು. ಡಲ್ಲಾಸ್‌ನಲ್ಲಂತೂ ತಿಂಗಳ ಮೊದಲ ಶನಿವಾರ ಹಳೆಯ ಬಿಡಿಭಾಗಗಳ ಬಯಲು ಸಂತೆ ದಶಕಗಳ ಕಾಲ ನಡೆಯಿತು.

ಹಳೆಯ ಯಂತ್ರದ ಸರ್ವರ್ ಅಗ್ಗ ಎಂಬ ಮಾತನ್ನು ಪೂರ್ತಿ ಒಪ್ಪುವಂತಿಲ್ಲ. 60 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲಿರುಳು ಓಡಿದರೆ ವರ್ಷಕ್ಕೆ ಸುಮಾರು 525 ಯೂನಿಟ್ ವಿದ್ಯುತ್ ನುಂಗುತ್ತದೆ. ಹ್ಯೂಸ್ಟನ್ನಿನ ಬೇಸಿಗೆಯಲ್ಲಿ ಅದರ ಬಿಸಿಯನ್ನು ಹೊರಹಾಕಲು ಏಸಿಯೂ ದುಡಿಯಬೇಕು. ಹಳೆಯ ಲ್ಯಾಪ್‌ಟಾಪೇ ಮೇಲು: ವಿದ್ಯುತ್ ಕಡಿಮೆ, ಬ್ಯಾಟರಿ ಗಟ್ಟಿಯಿದ್ದರೆ ಅದೇ ಯುಪಿಎಸ್. ಹಳೆಯ ಹಾರ್ಡ್ ಡಿಸ್ಕನ್ನು ಮಾತ್ರ ನಂಬಬಾರದು. ಹೊಸದು ಹಾಕಿ, ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕು.