ಕೇಸರ

ಸಂಸ್ಕೃತದಿಂದ ತತ್ಸಮವಾಗಿ ಬಂದ ‘ಕೇಸರ’ ಎಂಬ ಪದಕ್ಕೆ ಕೂದಲು, ಪ್ರಾಣಿಯ ಕೊರಳ ಕೂದಲು, ಹೂವಿನೊಳಗಿನ ಎಳೆ ಎಂಬ ಅರ್ಥಗಳಿದ್ದು, ಸಿಂಹಕ್ಕೆ ‘ಕೇಸರಿ’ ಎಂಬ ಹೆಸರು ಬಂದುದೂ ಈ ಕೂದಲಿನಿಂದಲೇ. ಸಸ್ಯಶಾಸ್ತ್ರದ ಕನ್ನಡದಲ್ಲಿ ಅರ್ಥ ಬಿಗಿಗೊಂಡು, ಪರಾಗಕೋಶವನ್ನೂ ಅದನ್ನು ಹೊತ್ತ ತೆಳುದಂಟನ್ನೂ ಒಳಗೊಂಡ ಹೂವಿನ ಗಂಡು ಭಾಗಕ್ಕಷ್ಟೇ ಈ ಹೆಸರು ನಿಂತಿದೆ. ಇಲ್ಲಿಂದ ಹೊರಟ ಪರಾಗವು ಹೆಣ್ಣು ಭಾಗದ ತುದಿಯಾದ ಶಲಾಕಾಗ್ರವನ್ನು ಸೇರಿ, ಅಲ್ಲಿ ಮೊಳೆತು, ಅಂಡಾಶಯದೊಳಗಿನ ಅಂಡಕದವರೆಗೆ ನಳಿಕೆಯೊಂದನ್ನು ಇಳಿಸಿದ ಮೇಲೆ ಬೀಜ ಕಟ್ಟುತ್ತದೆ. ದಾಸವಾಳದಲ್ಲಿ ಕೇಸರಗಳ ದಂಟುಗಳು ಬೆಸೆದು ಕೊಳವೆಯಾಗಿರುವುದೂ, ಅದರ ಮೈತುಂಬ ಹಳದಿ ಪರಾಗಕೋಶಗಳು ಅಂಟಿರುವುದೂ, ಕೊಳವೆಯೊಳಗಿಂದ ತೂರಿ ಬಂದ 5 ಮಖಮಲ್ಲಿನಂಥ ಶಲಾಕಾಗ್ರಗಳು ತುದಿಯಲ್ಲಿ ನಿಂತಿರುವುದೂ ಬರಿಗಣ್ಣಿಗೇ ಕಾಣುತ್ತವೆ. ಸೋಜಿಗವೆಂದರೆ, ಹಾಲಿಗೆ ಹಾಕುವ ಕೇಸರಿಯ ಎಳೆ (ಕೇಸರಿಬಾತಿಗೆ ಬಹುಮಟ್ಟಿಗೆ ಅದರ ಬಣ್ಣವಷ್ಟೇ ದಕ್ಕಿದೆ) ಈ ಅರ್ಥದಲ್ಲಿ ಕೇಸರವೇ ಅಲ್ಲ: ಕಾಶ್ಮೀರದ ಪಾಂಪೋರಿನ ಹೊಲಗಳಲ್ಲಿ ಕೊಯ್ಯುವ ಆ ನೇರಳೆ ಹೂವಿನ 3 ಹಳದಿ ಕೇಸರಗಳನ್ನು ಬಿಟ್ಟು, 3 ಕೆಂಪು ಶಲಾಕಾಗ್ರಗಳನ್ನಷ್ಟೇ ಬಿಡಿಸಿ ಒಣಗಿಸುತ್ತಾರೆ. ಕೇಸರಿ ಗಿಡದ ಜೀವಕೋಶದಲ್ಲಿ ವರ್ಣತಂತುಗಳ 3 ಗಣಗಳಿರುವುದರಿಂದ ಆ ಗಿಡ ಬೀಜ ಕಟ್ಟದೆ, ನೆಲದೊಳಗಿನ ಗೆಡ್ಡೆಯಿಂದಲೇ ವಂಶ ಬೆಳೆಸುತ್ತದೆ.